ಕೋಡಿ ಇಲ್ಲದ ಕೊಳ

ಎಂ.ಎಸ್. ಓದಲು ಅಮೆರಿಕದ ಬಾಸ್ಟನ್ ಕಡೆ ಹೋದ ನಮ್ಮ ಸೀನಿಯರ್‌ಗಳು ಬೇಸಿಗೆ ಬಂತೆಂದರೆ ವಾಲ್ಡನ್ ಕೊಳದ ಫೋಟೋ ಹಾಕುವುದುಂಟು. ತಿಳಿನೀರು, ಸುತ್ತ ಕಾಡು, ಮರಳಿನ ದಡ, ಈಜುವವರ ಗುಂಪು. 'ಓ, ಥೋರೋ ಇದ್ದ ಜಾಗ ಅಲ್ವಾ' ಅಂತ ಲೈಕ್ ಒತ್ತಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿದರೆ ಅದು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದಬೇಕಾದ ಕೊಳ.

ನಮ್ಮ ಕಡೆ ಕೆರೆ ಅಂದರೆ ಯಾರೋ ಕಟ್ಟಿಸಿದ್ದು. ಏರಿ ಇರುತ್ತೆ, ತೂಬು ಇರುತ್ತೆ, ಹೆಚ್ಚಾದ ನೀರು ಹೋಗಲು ಕೋಡಿ ಇರುತ್ತೆ. ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಈ ವಾಲ್ಡನ್‌ಗೆ ಅದ್ಯಾವುದೂ ಇಲ್ಲ. ಹಿಮಯುಗದ ಕೊನೆಯಲ್ಲಿ ಹಿಮನದಿ ಹಿಂದೆ ಸರಿಯುವಾಗ ದೊಡ್ಡದೊಂದು ಮಂಜುಗಡ್ಡೆ ಮರಳು-ಜಲ್ಲಿಯ ನಡುವೆ ಹೂತುಹೋಯಿತು. ಅದು ಕರಗಿದ ಮೇಲೆ ಉಳಿದ ಗುಂಡಿಯೇ ಸುಮಾರು 60 ಎಕರೆಯ ಈ ಕೊಳ. ಒಳಗೆ ಬರುವ ಹೊಳೆಯಿಲ್ಲ, ಹೊರಗೆ ಹೋಗುವ ಹೊಳೆಯೂ ಇಲ್ಲ. ಮಳೆ ಮತ್ತು ಅಂತರ್ಜಲದಿಂದ ತುಂಬುತ್ತದೆ. ಆವಿಯಾಗಿ, ಇನ್ನೊಂದು ಬದಿಯ ಮರಳಿನಲ್ಲಿ ಇಂಗಿ ಖಾಲಿಯಾಗುತ್ತದೆ. ನೀರು ಪೂರ್ತಿ ಬದಲಾಗಲು ಸುಮಾರು ಐದು ವರ್ಷ ಬೇಕು. ಈ ಐದು ವರ್ಷದ ಲೆಕ್ಕ ನೆನಪಿರಲಿ, ಮುಂದೆ ಬರುತ್ತದೆ.

ಹೆನ್ರಿ ಡೇವಿಡ್ ಥೋರೋ ಇಲ್ಲಿದ್ದದ್ದು 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ. ಸ್ನೇಹಿತ ಎಮರ್ಸನ್‌ನ ಜಾಗದಲ್ಲಿ 10 ಅಡಿ ಅಗಲ, 15 ಅಡಿ ಉದ್ದದ ಮನೆ. ಖರ್ಚು 28 ಡಾಲರ್ 12½ ಸೆಂಟ್, ಅರ್ಧ ಸೆಂಟ್ ಕೂಡ ಬರೆದಿಟ್ಟಿದ್ದಾನೆ! ಅವನನ್ನು ಬರೀ ಸಂತ ಅಂದುಕೊಂಡಿದ್ದೇವೆ. ಅವನು ಸರ್ವೇಯರ್ ಕೂಡ. ಮನೆಯ ಪೆನ್ಸಿಲ್ ಕಾರ್ಖಾನೆಯಲ್ಲಿ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಪೆನ್ಸಿಲ್ಲಿನ ಗುಣಮಟ್ಟ ಸುಧಾರಿಸಿದವನು. ವಾಲ್ಡನ್‌ಗೆ ತಳವೇ ಇಲ್ಲ ಅಂತ ಊರವರು ನಂಬಿದ್ದರು. ಇವನು 1846ರಲ್ಲಿ, ಕೊಳ ಇನ್ನೂ ಹೆಪ್ಪುಗಟ್ಟಿದ್ದಾಗಲೇ, ದಿಕ್ಸೂಚಿ, ಸರಪಳಿ, ಮೀನುಗಾರರ ದಾರಕ್ಕೆ ಕಟ್ಟಿದ ಒಂದು ಕಲ್ಲು ಹಿಡಿದು ಹೊರಟ. ಮಂಜಿನಲ್ಲಿ ನೂರಕ್ಕೂ ಹೆಚ್ಚು ತೂತು ಕೊರೆದು ಆಳ ಅಳೆದ. ಕಲ್ಲು ತಳ ಬಿಟ್ಟು ಏಳುವ ಕ್ಷಣ ಹೇಗೆ ಗೊತ್ತಾಗಬೇಕು? ಕಲ್ಲಿನ ಅಡಿಗೆ ನೀರು ನುಗ್ಗುವ ತನಕ ದಾರವನ್ನು ಜಾಸ್ತಿ ಜಗ್ಗಬೇಕು, ಆಮೇಲೆ ಹಗುರ. ಅತಿ ಹೆಚ್ಚಿನ ಆಳ 102 ಅಡಿ ಬಂತು. ಈಗಿನ ಅಳತೆಗಳೂ ಅದರ ಆಸುಪಾಸಿನಲ್ಲೇ ಇವೆ. ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ಕಾಪಿ ಹೊಡೆಯುವ ನಮಗೆ ಇದು ಸ್ವಲ್ಪ ಚುಚ್ಚುತ್ತೆ.

ಈ ಕಾಡಿನಲ್ಲಿ ಥೋರೋಗಿಂತ ಮೊದಲು ಬದುಕಿದ್ದವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ. ಬ್ರಿಸ್ಟರ್ ಎಂಬಾತ ಬಿಡುಗಡೆಯ ಗುರುತಾಗಿ ಹೆಸರಿನ ಮುಂದೆ ಫ್ರೀಮನ್ ಎಂದು ಸೇರಿಸಿಕೊಂಡ. ಜಿಲ್ಫಾ ವೈಟ್ ನೂಲು ತೆಗೆದು ಒಂಟಿಯಾಗಿ ಬಾಳಿದಳು. ಅವರ ಕಥೆ ಥೋರೋನ ಪುಸ್ತಕದಲ್ಲೇ ಇದೆ. ಓದುವವರು ಆ ಪುಟಗಳನ್ನು ಬೇಗ ತಿರುಗಿಸಿಬಿಡುತ್ತಾರೆ, ನಾವೂ ಮೊದಲ ಸಲ ಹಾಗೇ ಮಾಡಿದ್ದು.

ಈಗ ಈಜಿನ ವಿಷಯ. 1922ರಲ್ಲಿ ಎಮರ್ಸನ್ ಮನೆತನವೂ ಸೇರಿ ಕೆಲವು ಕುಟುಂಬಗಳು ಸುಮಾರು 80 ಎಕರೆಯನ್ನು ರಾಜ್ಯಕ್ಕೆ ದಾನ ಕೊಟ್ಟವು. ದಾನಪತ್ರದಲ್ಲಿ ಎರಡು ಮಾತಿವೆ: ಎಮರ್ಸನ್, ಥೋರೋ ಕಂಡ ವಾಲ್ಡನ್ ಉಳಿಯಬೇಕು, ಜನ ಅಲ್ಲಿ ಸ್ನಾನ, ದೋಣಿ, ಮೀನು ಹಿಡಿಯುವುದು ಎಲ್ಲಾ ಅನುಭವಿಸಬೇಕು. ಎರಡೂ ಒಟ್ಟಿಗೆ ಹೇಗೆ? 1957ರಲ್ಲಿ ಈಜುದಡ ದೊಡ್ಡದು ಮಾಡಲು ಬುಲ್ಡೋಜರ್ ಬಿಟ್ಟು ಮರ ಉರುಳಿಸಿದರು. ಕೇಸು ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಿ, 1960ರಲ್ಲಿ ತೀರ್ಪು ಕಾಡಿನ ಪರ ಬಂತು.

ಆದರೆ ಕೋರ್ಟು ನೋಡಲಾಗದ್ದು ನೀರಿನೊಳಗಿತ್ತು. 2001ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಕೊಳಕ್ಕೆ ಸೇರುವ ಪೋಷಕಾಂಶಗಳ ಲೆಕ್ಕ ಹಾಕಿ ವರದಿ ಕೊಟ್ಟಿತು. ಬೇಸಿಗೆಯಲ್ಲಿ ಸೇರುವ ಫಾಸ್ಫರಸ್ಸಿನ ಅರ್ಧಕ್ಕೂ ಹೆಚ್ಚು ಈಜುವವರಿಂದ ಬಂದಿರಬಹುದು ಅಂತ ಅಂದಾಜು. ಸೋಪಿನಿಂದ ಅಲ್ಲ ಸ್ವಾಮಿ, ಮೂತ್ರದಿಂದ. ನಗಬೇಡಿ. ಹರಿಯುವ ಹೊಳೆಯಾದರೆ ಅದು ಮುಂದಿನ ಊರಿನ ತಲೆನೋವು. ಇಲ್ಲಿ ಮುಂದಿನ ಊರೇ ಇಲ್ಲ. ಫಾಸ್ಫರಸ್ ಹೆಚ್ಚಿದರೆ ಮೇಲ್ನೀರಿನಲ್ಲಿ ಪಾಚಿ ಹೆಚ್ಚುತ್ತೆ, ಪಾಚಿ ಹೆಚ್ಚಿದರೆ ಬೆಳಕು ಕೆಳಗಿಳಿಯಲ್ಲ. ತಳದಲ್ಲಿ ನೈಟೆಲ್ಲಾ ಎಂಬ ಗಿಡದಂಥ ಪಾಚಿ ಹಾಸಿಕೊಂಡಿದೆ. ಪೋಷಕಾಂಶಗಳನ್ನು ಹಿಡಿದಿಟ್ಟು ನೀರನ್ನು ತಿಳಿಯಾಗಿಟ್ಟಿರುವುದರಲ್ಲಿ ಅದರ ಪಾಲು ದೊಡ್ಡದು. ಬೆಳಕಿಲ್ಲದೆ ಅದು ಸತ್ತರೆ ಹಿಡಿದಿದ್ದೆಲ್ಲ ನೀರಿಗೆ ವಾಪಸ್, ಇನ್ನಷ್ಟು ಪಾಚಿ, ಇನ್ನಷ್ಟು ಕತ್ತಲೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದರ ಹೆಸರು ಗೊತ್ತು: ಪಾಸಿಟಿವ್ ಫೀಡ್‌ಬ್ಯಾಕ್.

ಹೋಗುವವರಿದ್ದರೆ: ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿಂದ ಕಾಂಕರ್ಡಿಗೆ ರೈಲಿದೆ, ಅಲ್ಲಿಂದ ಎರಡೂವರೆ ಕಿಲೋಮೀಟರಿನಷ್ಟು ನಡಿಗೆ. ಕಾರಿನಲ್ಲಾದರೆ ಬೆಳಿಗ್ಗೆ ಬೇಗ ತಲುಪಿ. ಪಾರ್ಕಿಂಗ್ ತುಂಬಿದರೆ ಗೇಟು ಹಾಕಿಬಿಡುತ್ತಾರೆ. ಪಾರ್ಕಿಂಗ್ ಹತ್ತಿರ ಇರುವುದು ಥೋರೋ ಮನೆಯ ಪ್ರತಿಕೃತಿ. ನಿಜವಾದ ಜಾಗ ದಡದ ಹಾದಿಯಲ್ಲಿ ಮುಂದಿದೆ. 1945ರಲ್ಲಿ ರೋಲಂಡ್ ರಾಬಿನ್ಸ್ ಅಗೆದು ಚಿಮಣಿಯ ಬುನಾದಿ ಕಂಡುಹಿಡಿದದ್ದು ಅಲ್ಲೇ. ಪಕ್ಕದಲ್ಲಿ ಕಲ್ಲಿನ ಗುಡ್ಡೆ ಇದೆ, 1872ರಿಂದ ಬಂದವರು ಇಟ್ಟ ಕಲ್ಲುಗಳು. ನೀರಿಗಿಳಿಯುವ ಮೊದಲು ದಡದ ಶೌಚಾಲಯಕ್ಕೆ ಒಮ್ಮೆ ಹೋಗಿಬನ್ನಿ.