ಶುದ್ಧ ರೇಷ್ಮೆ, ದುಡಿಮೆಯೂ ಶುದ್ಧವೇ?



ಮದುವೆ ಗೊತ್ತಾದ ಮನೆಯಲ್ಲಿ ಮೊದಲ ಮಾತು ಸೀರೆಯದು. ವಿವಾಹ ಸಿದ್ಧತೆಯ ತರಗತಿಗೆ ಬರುವ ಜೋಡಿಗಳನ್ನು ನಾನು ಈಚೆಗೆ ಒಂದು ಪ್ರಶ್ನೆ ಕೇಳುತ್ತೇನೆ: ರೇಷ್ಮೆ ಸೀರೆ ಕೊಳ್ಳುವಾಗ ಏನೇನು ಪರೀಕ್ಷೆ ಮಾಡಿದಿರಿ? ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಜರಿ ಉಜ್ಜಿ ನೋಡಿದೆವು, ಬಣ್ಣ ಬಿಡುತ್ತದೆಯೇ ಎಂದು ವಿಚಾರಿಸಿದೆವು, ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ನೋಡಿದೆವು. ಒಳ್ಳೆಯದೇ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಆ ಗುರುತು, ಬಟ್ಟೆ ಅಪ್ಪಟ ರೇಷ್ಮೆ ಎಂದು ಹೇಳುತ್ತದೆ. ಆ ನೂಲನ್ನು ತೆಗೆದ ಕೈ ಯಾರದು, ಆ ಕೈಗೆ ಕೂಲಿ ಎಷ್ಟು ಸಿಕ್ಕಿತು ಎಂಬುದನ್ನು ಅದು ಹೇಳುವುದಿಲ್ಲ. ಹೇಳಲೆಂದು ಅದನ್ನು ಮಾಡಿದ್ದೂ ಅಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಬೇಕು. ಹೇಗೆ ಕೇಳುವುದು ಎಂಬುದೇ ಈ ವಾರದ ಪಾಠ.

ಸೀರೆಯ ಸೆರಗು ಹಿಡಿದು ಹಿಂದಕ್ಕೆ ನಡೆಯಿರಿ. ಅಂಗಡಿಯವನ ಹಿಂದೆ ಸಗಟು ವ್ಯಾಪಾರಿ, ಅವನ ಹಿಂದೆ ನೇಕಾರ. ನೇಕಾರನ ಹಿಂದೆ ಬಣ್ಣ ಹಾಕುವವನು, ನೂಲಿಗೆ ಹುರಿ ಹಾಕುವವನು. ಅವರ ಹಿಂದೆ ಗೂಡು ಬೇಯಿಸಿ ನೂಲು ಬಿಚ್ಚುವವನು. ಕಟ್ಟಕಡೆಗೆ ರಾಮನಗರದಂಥ ಗೂಡಿನ ಮಾರುಕಟ್ಟೆಗೆ ಬುಟ್ಟಿ ಹೊತ್ತು ತರುವ ರೈತ. ಅಂಗಡಿಯವನ ಮುಖ ನಮಗೆ ಗೊತ್ತು. ನೇಕಾರನ ಊರಿನ ಹೆಸರಾದರೂ ಗೊತ್ತಿರಬಹುದು. ಅದರಾಚೆ ಕತ್ತಲೆ. ಕೇಡು ಹೆಚ್ಚಾಗಿ ಗೂಡು ಕಟ್ಟುವುದು ಆ ಕತ್ತಲೆಯಲ್ಲೇ.

2003ರ ಆರಂಭದಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತದ ಮಕ್ಕಳ ಬಗ್ಗೆ ಒಂದು ವರದಿ ತಂದಿತು. ಅದರಲ್ಲಿ ನಮ್ಮ ಕರ್ನಾಟಕವೂ ಇತ್ತು. ನೂಲಿನ ಎಳೆ ಹುಡುಕಲು ಕುದಿಯುವಂಥ ನೀರಿಗೆ ಕೈ ಅದ್ದುವ ಮಕ್ಕಳು, ಹುರಿ ಹಾಕುವ ಯಂತ್ರಗಳ ಸದ್ದಿನಲ್ಲಿ ದಿನವಿಡೀ ನಿಂತೇ ಇರುವ ಮಕ್ಕಳು. ಅವರನ್ನು ಅಲ್ಲಿ ಕಟ್ಟಿಹಾಕಿದ್ದು ಹಗ್ಗವಲ್ಲ, ಹೆತ್ತವರು ಪಡೆದ ಮುಂಗಡ. ಜೀತ ಪದ್ಧತಿಯನ್ನು ರದ್ದುಮಾಡುವ ಕಾನೂನು 1976ರಲ್ಲೇ ಬಂದಿತ್ತು. ಆಮೇಲೆ ರಾಮನಗರದ ಕಡೆ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ಬಂದಿವೆ. 2016ರ ತಿದ್ದುಪಡಿಯಿಂದ ಬಾಲಕಾರ್ಮಿಕ ಕಾನೂನು ಬಿಗಿಯಾಗಿದೆ. ಆದುದರಿಂದ ಇಂದಿನ ಪ್ರತಿಯೊಂದು ಸೀರೆಯ ಮೇಲೂ ಅಂದಿನ ಆರೋಪ ಹೊರಿಸಬೇಡಿ. ‘ಆಗಬಹುದಾದದ್ದು ಬೇರೆ, ಆದದ್ದು ಬೇರೆ’ ಎಂದು ಸೆಮಿನರಿಯಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದ ಗುರುಗಳು ಪದೇ ಪದೇ ಹೇಳುತ್ತಿದ್ದರು. ಅಪಾಯವನ್ನು ಅಂದಾಜು ಮಾಡುವುದೆಂದರೆ ಯಾರನ್ನೋ ಕಳ್ಳನೆಂದು ಕರೆಯುವುದಲ್ಲ. ಕಳವು ಸುಲಭವಾಗಿರುವ ಬಾಗಿಲು ಯಾವುದೆಂದು ನೋಡುವುದು.

ಆ ಬಾಗಿಲುಗಳಿಗೆ ಗುರುತುಗಳಿವೆ. ಮೊದಲನೆಯದು ಮುಂಗಡ. ಸಾಲ ತೀರುವ ತನಕ ಬಿಟ್ಟುಹೋಗಲಾಗದವನು ಕೂಲಿಯ ಬಗ್ಗೆ ಚೌಕಾಸಿ ಮಾಡಲಾರ, ಸುಟ್ಟ ಕೈಯನ್ನು ತೋರಿಸಿ ದೂರಲಾರ. ಇನ್ನೊಂದು, ಎಣಿಕೆಯ ಕೂಲಿ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂದಿರುವಲ್ಲಿ, ದರ ತೀರಾ ಕಡಿಮೆಯಾದರೆ ತಾಯಿ ತಾನಾಗಿಯೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಆ ಮಗುವಿನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಬೀಡಿ, ಅಗರಬತ್ತಿ ಕಟ್ಟುವ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರದ ಊರಿನಿಂದ ಮೇಸ್ತ್ರಿಯ ಮೂಲಕ ಬಂದು ಭಾಷೆ ತಿಳಿಯದೆ ದುಡಿಯುವವರಿದ್ದರೆ ಅದೂ ಒಂದು ಗುರುತು.

‘ಫಾದರ್, ಇದಕ್ಕೆಲ್ಲ ಪ್ರಮಾಣಪತ್ರ ಕೊಡುವ ಸಂಸ್ಥೆಗಳಿವೆಯಲ್ಲ?’ ಎಂದು ತರಗತಿಯಲ್ಲಿ ಒಬ್ಬ ಯುವಕ ಕೇಳಿದ. ಇವೆ. ಅವುಗಳ ಮಿತಿ ತಿಳಿಯಲು ಪಾಕಿಸ್ತಾನದ ಒಂದು ಘಟನೆಯನ್ನು ನೋಡಬೇಕು. ಕರಾಚಿಯ ಆಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ‘ಎಸ್‌ಎ 8000’ ಎಂಬ ಹೆಸರಾಂತ ಪ್ರಮಾಣಪತ್ರ ಸಿಕ್ಕಿತು. ಕಾರ್ಮಿಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಸುರಕ್ಷತೆ ಇದೆ ಎಂಬುದಕ್ಕೆ ಅದು ಸಾಕ್ಷಿ. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು, ಹೊರಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಜನ ಸತ್ತರು. ಅದು ಬೇಕೆಂದೇ ಹಚ್ಚಿದ ಬೆಂಕಿ ಎಂದು 2020ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಇರಬಹುದು. ಬೆಂಕಿ ಹಚ್ಚಿದವರು ಯಾರೇ ಆಗಲಿ, ಬೀಗ ಬೀಗವೇ. ಅದು ತಪಾಸಣೆಯ ಕಾಗದದಲ್ಲಿ ಕಾಣಲಿಲ್ಲ.

ಇದರಲ್ಲಿ ಸೋಜಿಗವೇನಿಲ್ಲ. ತಪಾಸಕರು ಬರುವ ದಿನ ಮೊದಲೇ ಗೊತ್ತಿದ್ದರೆ ಬಿಷಪರು ಬರುವ ದಿನ ನಮ್ಮ ಗುರುಮನೆ ಇರುವಂತೆ ಕಾರ್ಖಾನೆ ಇರುತ್ತದೆ! ಶುಲ್ಕ ಕೊಡುವವರು ಮಾಲೀಕರು. ಮಾತನಾಡಲು ಕರೆಸಿದ ಕೆಲಸಗಾರನಿಗೆ ನಾಳೆಯೂ ಅಲ್ಲೇ ಕೆಲಸ. ಅದಕ್ಕೇ ಬಲ್ಲವರು ಕಾರ್ಖಾನೆಯ ಹೊರಗೆ, ಅವರವರ ಮನೆಗಳ ಹತ್ತಿರ, ಮೇಲಾಗಿ ಹೆಂಗಸರನ್ನು ಹೆಂಗಸರ ಮೂಲಕವೇ ಮಾತನಾಡಿಸುತ್ತಾರೆ. ಸಂಘ ಕಟ್ಟುವ ಸ್ವಾತಂತ್ರ್ಯ ಇರುವಲ್ಲಿ ಅಷ್ಟೂ ಕಷ್ಟವಿಲ್ಲ. ಬೀಗ ಹಾಕಿದ ದಿನವೇ ಅದನ್ನು ತೆಗೆಸಲು ಬಾಯಿರುತ್ತದೆ.

ಹಾಗಾದರೆ ಅಪಾಯ ಕಂಡಲ್ಲಿ ಕೊಳ್ಳುವುದನ್ನೇ ನಿಲ್ಲಿಸಿಬಿಡೋಣವೇ? ಆತುರ ಬೇಡ. 1990ರ ದಶಕದ ಆರಂಭದಲ್ಲಿ ಮಕ್ಕಳು ದುಡಿದ ಸರಕನ್ನು ತಡೆಯುವ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು. ಅದು ಕಾನೂನಾಗುವ ಮೊದಲೇ ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳು ಹೆದರಿ ಸಾವಿರಾರು ಮಕ್ಕಳನ್ನು ಹೊರಹಾಕಿದವು. ಅವರೆಲ್ಲ ಶಾಲೆಗೆ ಹೋದರೇ? ಅನೇಕರು ಕಲ್ಲು ಒಡೆಯಲು, ಬೀದಿಯಲ್ಲಿ ಮಾರಲು, ಅದಕ್ಕಿಂತ ಕೆಟ್ಟ ಕಡೆಗೂ ಹೋದರೆಂದು ಯುನಿಸೆಫ್ ಆಮೇಲೆ ದಾಖಲಿಸಿತು. 1995ರಲ್ಲಿ ಕಾರ್ಖಾನೆ ಮಾಲೀಕರ ಸಂಘ, ಯುನಿಸೆಫ್, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡ ಮೇಲಷ್ಟೇ ಮಕ್ಕಳಿಗೆ ಶಾಲೆಯ ಜೊತೆಗೆ ಒಂದಿಷ್ಟು ಭತ್ಯೆಯ ವ್ಯವಸ್ಥೆಯಾಯಿತು. ನಮ್ಮ ಕೈ ತೊಳೆದುಕೊಳ್ಳುವುದು ಸುಲಭ. ಪಿಲಾತನೂ ತೊಳೆದುಕೊಂಡ.

ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ‘ಪರೋಕ್ಷ ಮಾಲೀಕ’ ಎಂಬ ವಿಚಾರವನ್ನು ಮುಂದಿಟ್ಟರು. ಕೂಲಿ ಕೊಡುವವನು ನೇರ ಮಾಲೀಕ. ಅವನು ಎಷ್ಟು ಕೊಡಬಲ್ಲ, ಹೇಗೆ ನಡೆಸಿಕೊಳ್ಳಬಲ್ಲ ಎಂಬುದನ್ನು ಹೊರಗಿನಿಂದ ನಿರ್ಧರಿಸುವ ಕಾನೂನು, ಸಂಸ್ಥೆ, ವ್ಯವಸ್ಥೆಗಳೆಲ್ಲ ಪರೋಕ್ಷ ಮಾಲೀಕರು. ಅವರಿಗೂ ಹೊಣೆಯುಂಟು. ಇದನ್ನು ಭಕ್ತಾದಿಗಳಿಗೆ ವಿವರಿಸುತ್ತಿದ್ದ ನಾನು, ನಾನೇ ಆ ಜಾಗದಲ್ಲಿ ನಿಂತಿದ್ದೇನೆಂದು ಅರಿತದ್ದು ತಡವಾಗಿ.

ಒಂದು ವರ್ಷ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ನಾನೂರು ಟೀ ಶರ್ಟ್ ಬೇಕಾಗಿದ್ದವು. ಹಬ್ಬಕ್ಕೆ ಹತ್ತು ದಿನವಿರುವಾಗ ಹೇಳಿದೆವು. ಮೂರು ಕಡೆ ದರ ಕೇಳಿ, ಅತಿ ಕಡಿಮೆ ಹೇಳಿದವರ ಹತ್ತಿರ ಇನ್ನೂ ಇಪ್ಪತ್ತು ರೂಪಾಯಿ ಕಡಿಮೆ ಮಾಡಿಸಿ, ಪಾಲನಾ ಮಂಡಳಿಯಲ್ಲಿ ಬೆನ್ನು ತಟ್ಟಿಸಿಕೊಂಡೆ. ಹಬ್ಬ ಮುಗಿದ ಮೇಲೆ ನಮ್ಮದೇ ಧರ್ಮಕೇಂದ್ರದ ತಾಯಿಯೊಬ್ಬರು ಸಂಕೋಚದಿಂದ ಹೇಳಿದರು: ‘ಸ್ವಾಮಿ, ಆ ಅಂಗಿಗಳ ಹೊಲಿಗೆ ಕೊನೆಗೆ ನಮ್ಮ ಬೀದಿಗೇ ಬಂದಿತ್ತು. ಎರಡು ರಾತ್ರಿ ನಿದ್ದೆಯಿಲ್ಲ. ದಾರ ಕತ್ತರಿಸೋಕೆ ಮಗಳೂ ಕೂತಿದ್ದಳು, ಮಾರನೇ ದಿನ ಅವಳಿಗೆ ಪರೀಕ್ಷೆ.’ ಆ ಹುಡುಗಿಗೆ ಜ್ಞಾನೋಪದೇಶ ಹೇಳಿಕೊಟ್ಟವನು ನಾನೇ.

ಮರುವರ್ಷ ಎರಡು ತಿಂಗಳು ಮೊದಲೇ ಹೇಳಿದೆವು. ದರ ಕೇಳುವ ಮೊದಲು, ಹೊಲಿಯುವವರು ಯಾರು, ಒಂದು ಅಂಗಿಗೆ ಅವರ ಕೈಗೆ ಎಷ್ಟು ಹೋಗುತ್ತದೆ, ಹೊರಗೆ ಕೊಡುವುದಾದರೆ ಯಾರಿಗೆ ಎಂದು ಕೇಳಿದೆವು. ಇಬ್ಬರು ‘ಅದೆಲ್ಲ ನಿಮಗ್ಯಾಕೆ ಫಾದರ್’ ಎಂದರು. ಮೂರನೆಯವರು ಕುರ್ಚಿ ಎಳೆದು ಕೂರಿಸಿ, ಲೆಕ್ಕದ ಪುಸ್ತಕ ತೆಗೆದರು. ಒಂದು ಅಂಗಿಗೆ ಮೂವತ್ತೈದು ರೂಪಾಯಿ ಹೆಚ್ಚು ಬಿತ್ತು. ಆ ವರ್ಷ ಪಟಾಕಿ ಕಡಿಮೆ ಮಾಡಿದೆವು.