ತೊಗಟೆ ತಿನ್ನುವ ಪತಂಗ

ಕವಿಗಳು ಕಂಡ ಪತಂಗವು ದೀಪಕ್ಕೆ ಎರಗಿ ಮಡಿಯುವುದು. ಅಮರಕೋಶವು ಪತಂಗ, ಶಲಭ ಎಂಬೆರಡನ್ನು ಸಮಾನಾರ್ಥಕಗಳೆನ್ನುತ್ತದೆ; ಪತಂಗವೆಂದರೆ ಪಕ್ಷಿಯೂ ಹೌದು, ಸೂರ್ಯನೂ ಹೌದು. ಈ ಅರ್ಥಗಳನ್ನು ಬಹುಕಾಲ ಬೋಧಿಸಿದ ನನಗೆ, ನಮ್ಮ ಶಾಲೆಯ ಅಂಗಳದ ಸೀಬೆಮರದೊಳಗೇ ಪತಂಗದ ಸಂತತಿಯು ಬೀಡುಬಿಟ್ಟಿದ್ದುದು ತಿಳಿಯಲಿಲ್ಲ.

ಮರದ ಕವಲುಗಳಲ್ಲಿ ಕಂದುಬಣ್ಣದ ಪಟ್ಟಿಗಳು ಹಬ್ಬಿದ್ದವು. ಗೆದ್ದಲೆಂದು ನಿಶ್ಚಯಿಸಿ, ಬುಡವನ್ನು ಅಗೆಸಿ ಔಷಧ ಹೊಯ್ಯಿಸಿದೆನು. ಮರುವರ್ಷ ಎರಡು ಕೊಂಬೆಗಳು ಒಣಗಿದವು. ಕೃಷಿಶಾಸ್ತ್ರವನ್ನು ಅಭ್ಯಸಿಸಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದಾಗ ಆ ಪಟ್ಟಿಯನ್ನು ಬೆರಳಿನಿಂದ ಎಳೆದು, “ಗುರುಗಳೇ, ಇದರಲ್ಲಿ ಮಣ್ಣೆಲ್ಲಿದೆ?” ಎಂದರು. ಮಣ್ಣು ಇರಲಿಲ್ಲ. ಅಗಿದ ತೊಗಟೆಯ ಚೂರು, ಹುಳುವಿನ ಹಿಕ್ಕೆ, ಅವೆರಡನ್ನೂ ಬಂಧಿಸಿದ ನೂಲು, ಇಷ್ಟೇ. ಗೆದ್ದಲು ಕಟ್ಟಿದ ಮಣ್ಣು ಕೈಯಲ್ಲಿ ಪುಡಿಯಾಗುತ್ತದೆ. ಇದು ಹಳೆಯ ಬಟ್ಟೆಯಂತೆ ಸುಲಿದು ಬರುತ್ತದೆ.

ಈ ಕೀಟದ ಶಾಸ್ತ್ರೀಯ ನಾಮ ಇಂದರ್ಬೆಲಾ ಕ್ವಾಡ್ರಿನೊಟಾಟಾ. ಇದನ್ನು 1856ರಲ್ಲಿ ವರ್ಣಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್. ಮಾವು, ನೇರಳೆ, ಸೀಬೆ, ನುಗ್ಗೆ, ನಿಂಬೆ, ಎಲ್ಲವೂ ಇದಕ್ಕೆ ಆಹಾರವೇ. ರಾಜಾಜಿನಗರದಿಂದ ಕೆಂಗೇರಿಯವರೆಗೆ ನಮ್ಮವರ ಹಿತ್ತಿಲುಗಳಲ್ಲಿ ಇರುವ ಮರಗಳೂ ಇವೇ ಅಲ್ಲವೇ!

ಮುಂಗಾರಿನ ಆಸುಪಾಸಿನಲ್ಲಿ ಹೆಣ್ಣು ಪತಂಗವು ತೊಗಟೆಯ ಬಿರುಕುಗಳಲ್ಲಿ ಗುಂಪುಗುಂಪಾಗಿ ಮೊಟ್ಟೆಯಿಡುತ್ತದೆ. ಮರಿಹುಳುವು ಕವಲಿನ ಸಂದಿಯಲ್ಲಿ ಮರವನ್ನು ಕೊರೆದು, ಹಗಲು ಆ ರಂಧ್ರದಲ್ಲಿ ಅಡಗಿದ್ದು, ಇರುಳು ತಾನೇ ಹೆಣೆದ ಮರೆಯ ಕೆಳಗೆ ತೊಗಟೆಯನ್ನು ಮೇಯುತ್ತದೆ. ಹೀಗೆ ಸುಮಾರು 9ರಿಂದ 10 ತಿಂಗಳು. ಎಲೆಗಳು ಸಿದ್ಧಪಡಿಸಿದ ಆಹಾರವು ಒಳತೊಗಟೆಯ ಮಾರ್ಗವಾಗಿಯೇ ಕೆಳಗಿಳಿಯಬೇಕು. ಆ ಮಾರ್ಗವೇ ಕಡಿದುಹೋದರೆ ಕೊಂಬೆ ಸೊರಗುತ್ತದೆ, ಫಲ ಕುಂದುತ್ತದೆ. ಆ ಬಳಿಕ ಹುಳುವು ರಂಧ್ರದೊಳಗೇ ಕೋಶಾವಸ್ಥೆಯನ್ನು ಕಳೆದು ಪತಂಗವಾಗುತ್ತದೆ. ಪತಂಗಕ್ಕೆ ಬದುಕಿರುವುದು ಕೆಲವೇ ದಿನ. ಉಣ್ಣುವ ಬಾಯಿಯೂ ಅದಕ್ಕಿಲ್ಲ. ಕವಿಗಳ ಕಣ್ಣಿಗೆ ಬೀಳುವುದು ಈ ಕೆಲವು ದಿನಗಳು ಮಾತ್ರ.

ಚಿಕಿತ್ಸೆ ಸುಲಭ. ನೂಲಿನ ಹೊದಿಕೆಯನ್ನು ಗುಡಿಸಿ ತೆಗೆದು, ರಂಧ್ರದೊಳಗೆ ಕಬ್ಬಿಣದ ತಂತಿಯನ್ನು ತೂರಿಸಿ ಹುಳುವನ್ನು ಕೊಲ್ಲಬೇಕು. ಅನಂತರ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚಬೇಕು. ಬುಡಕ್ಕೆ ಹೊಯ್ದ ಔಷಧ ಕವಲಿನ ಹುಳುವನ್ನು ಮುಟ್ಟುವುದಿಲ್ಲ. ನನ್ನ ಪಾಂಡಿತ್ಯಕ್ಕೆ ಎರಡು ಕೊಂಬೆಗಳು ಬಲಿಯಾದವು.

ನಮ್ಮ ಸೀಬೆಮರದಲ್ಲಿ ಒಟ್ಟು ಏಳು ರಂಧ್ರಗಳು ಸಿಕ್ಕವು. ಏಳನೆಯದನ್ನು ಗುರುತಿಸಿದವನು ಎಂಟನೆಯ ತರಗತಿಯ ಹುಡುಗ. ನಾನು ಅದರ ಮುಂದೆಯೇ ನಿಂತಿದ್ದೆ.