ಮಳೆ ಬಂದರೆ ಮೊಬೈಲ್ ಬಿಡಲಾಗದು

ಪ್ರಶ್ನೆ: 2024ರ ಶಿರೂರು, ವಯನಾಡು ಭೂಕುಸಿತದ ವಿಡಿಯೊಗಳನ್ನು ಈಗಲೂ ನೋಡುತ್ತಲೇ ಇರುತ್ತೇನೆ. ಮಳೆ ಜೋರಾದರೆ ರಾತ್ರಿಯಿಡೀ ನಿದ್ದೆಯಿಲ್ಲ.
– ಗೃಹಿಣಿ, ಮಲವಗೊಪ್ಪ, ಶಿವಮೊಗ್ಗ

ಉತ್ತರ: ದೂರದಲ್ಲಿದ್ದು ನೋಡಿದವರಿಗೂ ಆಘಾತ ತಟ್ಟುತ್ತದಮ್ಮ. 2013ರ ಬಾಸ್ಟನ್ ಬಾಂಬ್ ಸ್ಫೋಟದ ನಂತರದ ಅಧ್ಯಯನದಲ್ಲಿ, ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಅದರ ಸುದ್ದಿ ನೋಡಿದವರ ಒತ್ತಡ ಸ್ಥಳದಲ್ಲಿದ್ದವರಿಗಿಂತ ಮಿಗಿಲಾಗಿತ್ತು. ಹೆದರುವವರೇ ಹೆಚ್ಚು ನೋಡಿರಬಹುದು, ನಿಜ. ಆದರೂ ನಿಮ್ಮ ಕೈಯಲ್ಲಿರುವುದು ನೋಡುವುದನ್ನು ನಿಲ್ಲಿಸುವುದೊಂದೇ. ನೋಡದಿದ್ದರೆ ಎಚ್ಚರಿಕೆ ತಪ್ಪಿಹೋಗದೇ ಎನ್ನುವಿರಿ. ಶಿರೂರಿನ ಗಂಗಾವಳಿ ನದಿಯಿಂದ ಲಾರಿ ಎತ್ತುವುದನ್ನು ನೂರು ಸಲ ನೋಡಿದರೂ ಗಾಜನೂರು ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂದು ತಿಳಿಯದು. ಅದಕ್ಕೆ ಹವಾಮಾನ ಇಲಾಖೆ, ಜಿಲ್ಲಾಡಳಿತದ ಪ್ರಕಟಣೆಗಳಿವೆ. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ಸಾಕು. ವಿಡಿಯೊ ಸುರಿಯುವ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ, ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ನಡುರಾತ್ರಿ ಎದೆ ಹೊಡೆದುಕೊಂಡರೆ ಟೆಲಿ ಮಾನಸ್‌ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.